ಓಬವ್ವನ ಒನಕೆ ಎಷ್ಟು ಭಾರ?

ಮೈಸೂರಿನ ಮಕ್ಕಳಿಗೆ ಇತಿಹಾಸದ ಮೊದಲ ಪಾಠ ಹೇಳಿಕೊಡುವವರು ಮೇಷ್ಟ್ರಲ್ಲ, ಅರಮನೆಯ ಕಾವಲುಗಾರರು. ಪಾಠವೂ ಚಿಕ್ಕದು: 'ಮುಟ್ಬೇಡ.' ಗಾಜಿನ ಆಚೆ ಚಿನ್ನದ ಅಂಬಾರಿ, ಈಚೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸಾಲಾಗಿ ನಿಂತ ಮೂರನೇ ಕ್ಲಾಸು. ಹಿಂದಿನವರು ತಳ್ಳುತ್ತಾರೆ, ಮುಂದಿನವರು ಜಗ್ಗುವುದಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಈಗಿನದು ಮುಗಿದದ್ದು 1912ರಲ್ಲಿ ಎಂದು ಮಿಸ್ಸು ಗಂಟಲು ಹರಿದುಕೊಂಡರೂ ಕೇಳಿಸುವುದು ಮುಂದಿನ ಸಾಲಿಗೆ ಮಾತ್ರ. ನಮ್ಮ ಬಡಾವಣೆ ಬೋಗಾದಿಗೆ ವಾಪಸು ಬಂದವರನ್ನು ಏನು ನೋಡಿದಿರಿ ಎಂದು ವಿಚಾರಿಸಿದರೆ 'ನೆಲ ತಣ್ಣಗಿತ್ತು ಅಂಕಲ್' ಅನ್ನುತ್ತಾರೆ. ನನ್ನ ಮಟ್ಟಿಗೆ ಅದು ಪೂರ್ತಿ ಮಾರ್ಕು ಕೊಡಬೇಕಾದ ಉತ್ತರ. ಅರಮನೆಯಲ್ಲಿ ಅವರಿಗೆ ಮುಟ್ಟಲು ಸಿಕ್ಕಿದ್ದು ಅದೊಂದೇ.

ಹಾಗೆ ನೋಡಿದರೆ ಕೈಯಾರೆ ಮಾಡಿ ಕಲಿಯುವ ವಿದ್ಯೆಗೆ ಬೋಗಾದಿಯಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಪೂರ್ವಕ್ಕೆ ನಡೆದರೆ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ. ಅಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಮೇಷ್ಟ್ರುಗಳನ್ನು ತಯಾರು ಮಾಡಿ ಕಳಿಸುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇದೆ. ಪಶ್ಚಿಮಕ್ಕೆ ಗದ್ದಿಗೆ ರಸ್ತೆ ಹಿಡಿದರೆ ಎಚ್.ಡಿ. ಕೋಟೆ ಸೀಮೆ. 'ನಲಿ ಕಲಿ' ಹುಟ್ಟಿದ್ದು ಆ ತಾಲ್ಲೂಕಿನಲ್ಲೇ, 1995ರಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಕೊಂಡು ಬಂದು, ಬೆಂಚು ಬದಿಗಿಟ್ಟು ಮಕ್ಕಳನ್ನು ನೆಲದ ಮೇಲೆ ಗುಂಪುಗುಂಪಾಗಿ ಕೂರಿಸಿದರು. ಕೈಗೆ ಕಾರ್ಡು ಕೊಟ್ಟರು, ಗೋಡೆಗೆ ಕಲಿಕಾ ಏಣಿ ಅಂಟಿಸಿದರು, ತಲೆಯ ಮೇಲೆ ದಾರದ ಚಪ್ಪರ ಕಟ್ಟಿ ಮಕ್ಕಳು ಬರೆದದ್ದನ್ನೆಲ್ಲ ತೂಗಿಹಾಕಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಆದರೆ ನಲಿ ಕಲಿ ಮೂರನೇ ಕ್ಲಾಸಿಗೇ ಮುಗಿದುಹೋಗುತ್ತದೆ, ರಾಜರುಗಳು ಬರುವುದು ಅದರ ನಂತರ. ಆ ಹೊತ್ತಿಗೆ ನಲಿವು ಖರ್ಚಾಗಿ ಬರೀ ಕಲಿ ಉಳಿದಿರುತ್ತದೆ.

ಅಲ್ಲಿಂದ ಥರ್ಮೊಕೋಲ್ ಯುಗ. 'ನಾಳೆ ಹೊಯ್ಸಳರ ದೇವಸ್ಥಾನ ತರಬೇಕಂತೆ' ಎಂದು ಮಗು ಹೇಳುವುದು ರಾತ್ರಿ ಒಂಬತ್ತೂವರೆಗೆ, ಸ್ಟೇಷನರಿ ಅಂಗಡಿಯವನು ಅರ್ಧ ಶಟರ್ ಎಳೆದಾದ ಮೇಲೆ. ಬಗ್ಗಿ ಒಳಗೆ ನುಗ್ಗಿದ ಅಪ್ಪ ಶೀಟು, ಫೆವಿಕಾಲು, ಬ್ಲೇಡು ತರುತ್ತಾರೆ. ಹನ್ನೊಂದಕ್ಕೆ ಅಮ್ಮ ನಕ್ಷತ್ರಾಕಾರದ ಜಗುಲಿ ಕತ್ತರಿಸುತ್ತಾರೆ. ಹನ್ನೆರಡಕ್ಕೆ ಗೋಪುರ ಏಳುತ್ತದೆ, ವಿದ್ಯಾರ್ಥಿ ಮಲಗಿರುತ್ತಾನೆ. ಬೆಳಿಗ್ಗೆ ವ್ಯಾನಿನಲ್ಲಿ ಸೋಮನಾಥಪುರ ಹಳೇಬೀಡಿನ ಮೇಲೆ ಕೂತುಬಿಟ್ಟು ಸಾಮ್ರಾಜ್ಯಗಳು ಪತನವಾಗುತ್ತವೆ. 'ಎ ಪ್ಲಸ್' ಬರುವುದು ಮಾತ್ರ ಮಗುವಿಗೆ. ಹೊಯ್ಸಳ ಶಿಲ್ಪಿಗಳು ಎಷ್ಟೋ ವಿಗ್ರಹಗಳ ಪೀಠದ ಮೇಲೆ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಬೋಗಾದಿಯ ಅಪ್ಪಂದಿರಿಗೆ ಆ ಭಾಗ್ಯವೂ ಇಲ್ಲ.

ಇನ್ನು ವೇಷಭೂಷಣ. ನವೆಂಬರ್ ಬಂತೆಂದರೆ ಪ್ರತಿ ಶಾಲೆಯಲ್ಲೂ ನಾಲ್ಕಾರು ಓಬವ್ವಂದಿರು. ನಮ್ಮ ಎದುರು ಮನೆಯ ನಾಲ್ಕನೇ ಕ್ಲಾಸಿನ ಹುಡುಗಿಯೂ ಆದಳು. ಕಚ್ಚೆ ಸೀರೆ, ಬಾಡಿಗೆಯ ಡಾಬು, ಕೈಯಲ್ಲಿ ಕಂದು ಕಾಗದ ಸುತ್ತಿದ ಪಿವಿಸಿ ಪೈಪು. ಚಿತ್ರದುರ್ಗದ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಅವಳು ಒಂದೇ ಉಸಿರಿಗೆ ಸಂಹರಿಸಿದಳು. ಪೈಪನ್ನು ಒಂದೇ ಕೈಯಲ್ಲಿ ಗಿರಗಿರ ತಿರುಗಿಸಿದ್ದಕ್ಕೆ ವಿಶೇಷ ಚಪ್ಪಾಳೆಯೂ ಬಿತ್ತು.

ಆ ಉತ್ಸಾಹದಲ್ಲೇ ಅವಳು ಹಳೇ ಊರಿನೊಳಗಿದ್ದ ಅಜ್ಜಿಯ ಮನೆಗೆ ಹೋದಳು. ಅಲ್ಲಿ ಬಾಗಿಲ ಸಂದಿಯಲ್ಲಿ ನಿಜವಾದ ಒನಕೆ ನಿಂತಿತ್ತು. ಹುಡುಗಿಗಿಂತ ಒಂದು ಗೇಣು ಎತ್ತರ, ತುದಿಗೆ ಕಬ್ಬಿಣದ ಬಳೆ, ಅತ್ತೆ ಸೊಸೆಯರ ಅಂಗೈ ಉಜ್ಜಿ ಉಜ್ಜಿ ಸವೆದ ನುಣುಪು ನಡು. ಒಂದು ಕೈ ಸಾಲದೆ ಎರಡು ಕೈ ಹಾಕಿ ಎತ್ತಿದಳು. ಮೊಣಕಾಲವರೆಗೆ ಬಂತು, ಅಲ್ಲಿಂದ ಮೇಲಕ್ಕೆ ಬರಲೊಲ್ಲದು. ಕೆಳಗಿಟ್ಟು ಏದುಸಿರು ಬಿಡುತ್ತ ಕೇಳಿದಳು: 'ಅಷ್ಟೊಂದು ಜನಕ್ಕೆ ಹೊಡೆದಳಲ್ಲ, ಕೈ ನೋವು ಬರ್ಲಿಲ್ವಾ?' ಅಜ್ಜಿ ಹೇಳಿದರು: 'ದಿನಾ ರಾಗಿ, ಭತ್ತ ಕುಟ್ಟೋಳಿಗೆ ಎಂಥ ಕೈ ನೋವು?'

ಓಬವ್ವನ ಗಂಡನ ಹೆಸರೇನು, ಅವನು ಊಟಕ್ಕೆ ಬಂದದ್ದು ಯಾವಾಗ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಅವಳ ರಟ್ಟೆಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ಕೇಳಿದ ಪ್ರಶ್ನೆಪತ್ರಿಕೆಯನ್ನು ನಾನಂತೂ ಕಂಡಿಲ್ಲ.

ಅಜ್ಜಿಯಿಲ್ಲದ ಅಪಾರ್ಟ್‌ಮೆಂಟ್ ಮಕ್ಕಳಿಗೂ ದಾರಿಯಿದೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ. ರಾಜಕುಮಾರಿಗೆಂದು 1905ರಲ್ಲಿ ಕಟ್ಟಿದ ಬಂಗಲೆಯೊಳಕ್ಕೆ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಅವರಂಥವರು ಹಳ್ಳಿ ಹಳ್ಳಿ ಸುತ್ತಿ ಹೊತ್ತು ತಂದು ಕೂರಿಸಿದ್ದು ಸೇರು, ಪಾವು, ಕೂರಿಗೆ, ಸೋಮನ ಮುಖ, ಗೊಂಬೆ. ರಾಜಕುಮಾರಿಯ ಮನೆಗೆ ರೈತನ ಅಡುಗೆಮನೆ ಬಂದು ಸೇರಿದ್ದೇ ಒಂದು ಇತಿಹಾಸ. ಆದರೆ ಅಲ್ಲೂ ಹಳೇ ಪಾಠವೇ: ಮುಟ್ಟಬೇಡಿ. ತಪ್ಪೆನ್ನಲಾರೆ, ಮೂರನೇ ಕ್ಲಾಸಿನ ಕೈಗೆ ಸಿಕ್ಕಿದ ಕೂರಿಗೆ ಸಂಜೆಯವರೆಗೆ ಕೂರಿಗೆಯಾಗಿ ಉಳಿದೀತೆಂಬ ನಂಬಿಕೆ ನನಗೂ ಇಲ್ಲ. ಒಂದೆರಡು ಒರಳನ್ನಾದರೂ ಅಂಗಳಕ್ಕೆ ಬಿಟ್ಟರೆ ಸಾಕು. ಒರಳನ್ನು ಒಡೆದು ತೋರಿಸುವ ಮಗು ಇನ್ನೂ ಹುಟ್ಟಿಲ್ಲ.

ಮೈಸೂರಿನಲ್ಲಿ ಇತಿಹಾಸವನ್ನು ಮುಟ್ಟುವುದಿರಲಿ, ತಟ್ಟಿ ಬಡಿದೇ ಸಂಬಳ ತೆಗೆದುಕೊಳ್ಳುವವರೂ ಇದ್ದಾರೆ. ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಇಲ್ಲಿಗೆ ಬಂತು. ಅವರ ಕಸುಬು ಪಡಿಯಚ್ಚು ತೆಗೆಯುವುದು: ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಅಕ್ಷರದ ಕುಳಿಯೊಳಕ್ಕೆ ಕಾಗದ ಇಳಿಯುವಂತೆ ಬಡಿದು, ಮೇಲೆ ಮಸಿ ಒತ್ತಬೇಕು. ಹಿನ್ನೆಲೆ ಕಪ್ಪಾಗಿ ಅಕ್ಷರ ಬೆಳ್ಳಗೆ ಮೂಡುತ್ತದೆ. ನೀರು, ಮಸಿ, ಬಡಿತ ಮೂರೂ ಇರುವ ಕೆಲಸವನ್ನು ಮಕ್ಕಳ ಕೈಗೆ ಕೊಡದೆ ದೊಡ್ಡವರೇ ಇಟ್ಟುಕೊಂಡದ್ದು ಅನ್ಯಾಯ. ನಮ್ಮ ಶಾಸನಗಳನ್ನು ರಾಶಿ ಹಾಕಿಕೊಟ್ಟ ಬಿ.ಎಲ್. ರೈಸ್ ಕೂಡ ಮೂಲತಃ ಹೆಡ್‌ಮೇಷ್ಟ್ರು. ಶಾಲೆಗಳ ತಪಾಸಣೆಗೆಂದು ಊರೂರು ಸುತ್ತುತ್ತ ಶಾಸನದ ಕಲ್ಲುಗಳಿಗೆ ಮನಸೋತವರು. ಮೈಸೂರು ತಾಲ್ಲೂಕಿನ ಶಾಸನಗಳಿರುವ ಅವರ ಸಂಪುಟ 1894ರಲ್ಲಿ ಅಚ್ಚಾಯಿತು.

ಮಸಿಯ ಗಲಾಟೆ ಬೇಡವೆನ್ನುವವರಿಗೆ ಪೆನ್ಸಿಲ್ ಸಾಕು. ಐದು ರೂಪಾಯಿ ನಾಣ್ಯದ ಮೇಲೆ ಹಾಳೆ ಇಟ್ಟು ಗೀಚುವ ವಿದ್ಯೆ ಎಲ್ಲ ಮಕ್ಕಳಿಗೂ ಗೊತ್ತು. ನನ್ನ ಬಳಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸೊಂದಿತ್ತು. ಬರಿಗಣ್ಣಿಗೆ ಸವೆದ ಬಿಲ್ಲೆ. ಎದುರು ಮನೆಯ ಓಬವ್ವ ಅದರ ಮೇಲೆ ಪೆನ್ಸಿಲ್ ಆಡಿಸಿದಾಗ ಹಾಳೆಯಲ್ಲಿ ಮೊದಲು ಬಾಲ, ಆಮೇಲೆ ಬೆನ್ನು, ಕೊನೆಗೆ ಇಡೀ ಸಿಂಹ ಎದ್ದುಬಂತು.

ಅಲ್ಲಿಗೆ ಬೀದಿಯ ಮಕ್ಕಳಿಗೆಲ್ಲ ಹುಚ್ಚು ಹಿಡಿಯಿತು. ಮ್ಯಾನ್‌ಹೋಲ್ ಮುಚ್ಚಳ, ಸೈಟಿನ ಬಾಂದುಗಲ್ಲು, ಪಾರ್ಕಿನ ಉದ್ಘಾಟನೆಯ ಕಲ್ಲು, ಯಾವುದನ್ನೂ ಬಿಡಲಿಲ್ಲ. ಉದ್ಘಾಟನೆಯ ಕಲ್ಲಿಗೆ ನಾಲ್ಕು ಹಾಳೆ ಬೇಕಾಯಿತು, ಮೂರು ಹಾಳೆ ತುಂಬ ಮಾನ್ಯರು. ಹಳೆಯ ಶಾಸನಗಳೂ ಹೀಗೇ, ರಾಜನ ಬಿರುದುಗಳೆಲ್ಲ ಮುಗಿದ ಮೇಲೆ ದಾನದ ಮಾತು, ಕೊನೆಗೆ ಶಾಪ ಎಂದೆ. ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಬೀಳುತ್ತಾನೆ ಎಂದದ್ದೇ ತಡ, ಮಕ್ಕಳ ಕಣ್ಣು ಅರಳಿತು. ನಾಲ್ಕನೇ ಹಾಳೆಯನ್ನು ಮೇಲಿಂದ ಕೆಳಗೆ ಹುಡುಕಿದರು. ಶಾಪ ಇರಲಿಲ್ಲ. ಎರಡನೇ ಕ್ಲಾಸಿನವನೊಬ್ಬ ಆ ಕೊರತೆಯನ್ನು ಅಲ್ಲೇ ಸ್ಕೆಚ್ ಪೆನ್ನಿನಲ್ಲಿ ತುಂಬಿಕೊಟ್ಟ: ಈ ಕಲ್ಲಿನ ಮೇಲೆ ಟ್ಯೂಷನ್ ಪಾಂಪ್ಲೆಟ್ ಅಂಟಿಸಿದವರು ಮುಂದಿನ ಏಳು ಜನ್ಮವೂ ಟ್ಯೂಷನ್ನಿಗೇ ಹೋಗತಕ್ಕದ್ದು.