ಚೇಂಬರ್ ಸೋರಿಕೆ: ಒಂದು ಶಾಸ್ತ್ರೀಯ ವಿವೇಚನೆ

ಆಟೊಮ್ಯಾಟಿಕ್ ಗೇರಿನ ಕಾರುಗಳು ಈಗ ಬೀದರಿಗೂ ಬಂದಿವೆ. ಅನೇಕ ಕಾರುಗಳ ಗೇರ್‌ಬಾಕ್ಸಿನಡಿ ಒಂದು ತಗಡಿನ ಚೇಂಬರ್ ಇರುತ್ತದೆ. ಆಯಿಲ್ ಬದಲಿಸಿದ ಮಾರನೆಯ ದಿನದಿಂದ ಅದು ಸೋರತೊಡಗುತ್ತದೆ. ಸೋರದಂತೆ ಬದಲಿಸುವುದು ಹೇಗೆಂದು ಭಾಲ್ಕಿ, ಔರಾದಿನ ಕಡೆಯವರೂ ಕೇಳುತ್ತಿರುವುದರಿಂದ ತಜ್ಞರಾದ ನಾವು ಸುಮ್ಮನಿರುವುದು ತರವಲ್ಲ.

ಮೊದಲು ಬೋಲ್ಟಿನ ವಿಚಾರ. ಕಂಪನಿಯವರ ಪುಸ್ತಕಗಳು ಹೆಚ್ಚಾಗಿ 10 ನ್ಯೂಟನ್ ಮೀಟರಿನ ಆಸುಪಾಸು ಬಿಗಿ ಸಾಕೆನ್ನುತ್ತವೆ. ಅಂದರೆ ಸಣ್ಣ ಪಾನಾ, ಮಣಿಕಟ್ಟಿನ ಬಲ, ಅಷ್ಟೇ. ಇಂಥ ನಾಜೂಕು ನಮ್ಮ ಭಾಗಕ್ಕೆ ಒಗ್ಗದು. ಪಾನಾಕ್ಕೆ ಮಾರುದ್ದದ ಪೈಪು ತೊಡಿಸಿ, ಗೋಡೆಗೆ ಕಾಲು ಕೊಟ್ಟು, ಊರದೇವರನ್ನು ನೆನೆದು (ಔರಾದಿನಲ್ಲಾದರೆ ಅಮರೇಶ್ವರನನ್ನು) ಎಳೆಯಬೇಕು. ಆಗ ಚೇಂಬರಿನ ಅಂಚು ಬೋಲ್ಟಿನ ಸುತ್ತ ತಗ್ಗಾಗಿ, ಎರಡು ಬೋಲ್ಟುಗಳ ನಡುವೆ ಉಬ್ಬುತ್ತದೆ. ಆ ಉಬ್ಬಿನಲ್ಲಿ ಆಯಿಲ್ ಕೆಂಪಗೆ ಇಣುಕಿದರೆ ಇನ್ನಷ್ಟು ಬಿಗಿಯಿರಿ. ಮೇಲಿನ ಕವಚ ಅಲ್ಯೂಮಿನಿಯಮ್ ಆದ್ದರಿಂದ ಥ್ರೆಡ್ ಬೇಗ ಹೋಗುತ್ತದೆ. ಆಮೇಲೆ ಬೋಲ್ಟನ್ನು ಸಂಜೆಯವರೆಗೂ ತಿರುಗಿಸುತ್ತಿರಬಹುದು.

ಮರದ ತುಂಡಿನ ಮೇಲಿಟ್ಟು ಅಂಚನ್ನು ಸಪಾಟು ಮಾಡಿ, ಎದುರುಬದುರು ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯುವ ಕೆಲವು ಮೆಕ್ಯಾನಿಕ್‌ಗಳು ಇದ್ದಾರೆ. ಅವರನ್ನು ನಂಬಬೇಡಿ. ಅದೇ ಕೆಲಸಕ್ಕೆ ಅವರಲ್ಲಿಗೆ ಯಾರೂ ಎರಡನೆಯ ಸಲ ಹೋದದ್ದಿಲ್ಲ.

ಹಳೆಯ ಪ್ಯಾಕಿಂಗ್ ಕೆರೆಯುವುದು ವ್ಯರ್ಥ ಶ್ರಮ. ಅದರ ಮೇಲೆಯೇ ಹೊಸದನ್ನಿಟ್ಟು, ಪೇಸ್ಟಿನ ಟ್ಯೂಬನ್ನು ಪೂರ್ತಿ ಹಿಂಡಿ. ಒಳಕ್ಕೆ ಜಾರಿದ ಉಂಡೆ ಫಿಲ್ಟರಿನ ಬಾಯಿ ಕಟ್ಟುತ್ತದೆ, ಗೇರ್ ಬೀಳುವುದಿಲ್ಲ, ಗಾಡಿ ಓಡುವುದಿಲ್ಲ. ಓಡದ ಗಾಡಿ ಕಡಿಮೆ ಸೋರುತ್ತದೆ.

ಇನ್ನು ಬ್ರೀದರ್. ಗೇರ್‌ಬಾಕ್ಸ್ ಕಾದಾಗ ಹಿಗ್ಗುವ ಗಾಳಿ ಹೊರಹೋಗಲು ಇರುವ ಕಿಂಡಿ ಅದು. ಮುಚ್ಚಿದರೆ ಒತ್ತಡ ಹೆಚ್ಚಿ ಆಯಿಲ್ ಸೀಲಿನ ಸಂದಿ ಹುಡುಕುತ್ತದೆ. ಬಹಮನಿ ಕಾಲದವರು ನೌಬಾದಿನ ಸುರಂಗಬಾವಿಗೂ ಜಂಬಿಟ್ಟಿಗೆಯಲ್ಲಿ ಸಾಲಾಗಿ ಗಾಳಿಬಾವಿ ಕೊರೆದಿದ್ದರು. ಅವುಗಳಲ್ಲಿ ಮಣ್ಣು, ಕಸ ತುಂಬಿತು. ಹೂಳೆತ್ತಲು 2010ರ ದಶಕ ಬರಬೇಕಾಯಿತು. ಅದೇ ಗೌರವ ನಿಮ್ಮ ಬ್ರೀದರಿಗೂ ಸಲ್ಲಲಿ. ಕೆಂಪು ಧೂಳು ತುಂಬಿಕೊಳ್ಳಲಿ, ಐದಾರು ಶತಮಾನ ಯಾರೂ ಮುಟ್ಟಬೇಡಿ.

ಔರಾದಿನವರಿಗೆ ಒಂದು ವಿಶೇಷ ಅನುಕೂಲವಿದೆ. ಮಿರಗದ ಮಳೆಯಲ್ಲಿ ಅಲ್ಲಿನ ಎರೆಮಣ್ಣು ಚೇಂಬರಿಗೆ ಮೆತ್ತಿಕೊಂಡು ಸೋರಿಕೆಯನ್ನು ತಾನೇ ಮುಚ್ಚುತ್ತದೆ. ಒಣಗಿ ಉದುರುವ ಹೊತ್ತಿಗೆ ಮೆಕ್ಯಾನಿಕ್ ಕೊಟ್ಟ ಗ್ಯಾರಂಟಿ ಮುಗಿದಿರುತ್ತದೆ.

ದೂರುವ ಗಿರಾಕಿಗೆ ಏನು ಹೇಳಬೇಕೆಂಬುದೂ ಶಾಸ್ತ್ರದ ಭಾಗವೇ.

"ಉಸ್ತಾದ್, ಸೋರ್ಲಕತ್ತದ."

"ಇದು ಸೋರೋದಲ್ರಿ ಸಾವ್ಕಾರ್ರೆ, ಬೆವರು. ಬಿಸಲ ಎಷ್ಟದ ನೋಡ್ರಿ!"

ಡಿಸೆಂಬರಿನಲ್ಲೂ ಇದೇ ಉತ್ತರ ಸಾಕು.

ಇಷ್ಟೆಲ್ಲ ಪಾಲಿಸಿಯೂ ಯಾರದಾದರೂ ಚೇಂಬರ್ ಸೋರದಿದ್ದರೆ ದಯವಿಟ್ಟು ಗಾಡಿಯನ್ನು ತಂದು ತೋರಿಸಿ. ಬೋಲ್ಟು ಇನ್ನೂ ಅರ್ಧ ಸುತ್ತು ಉಳಿದಿರಬೇಕು.