ಉಲ್ಲನ್ ಹೃದಯದ ರಾಚನಿಕ ಸ್ವರೂಪ ಹಾಗೂ ಋತುಮಾನಾನುಸಾರಿ ನೂಲಿನ ಆಯ್ಕೆ: ಒಂದು ಪ್ರಾಥಮಿಕ ಅವಲೋಕನ

ಕನ್ನಡ ವಿದ್ವತ್ಲೋಕ ಶಾಸನಗಳನ್ನು ಓದಿದೆ, ವೀರಗಲ್ಲುಗಳನ್ನು ಎಣಿಸಿದೆ, ಕವಿಗಳ ಕಾಲನಿರ್ಣಯ ಮಾಡಿದೆ, ಆ ನಿರ್ಣಯವನ್ನು ಖಂಡಿಸಿದೆ, ಖಂಡನೆಗೆ ಪ್ರತಿಖಂಡನೆಯನ್ನೂ ಅಚ್ಚು ಹಾಕಿಸಿದೆ. ಆದರೆ ಸ್ಕೂಟರಿನ ಕೀಲಿಗೊಂಚಲಲ್ಲಿ ನೇತಾಡುವ, ಹೆಬ್ಬೆರಳಿನಷ್ಟು ಅಗಲದ ಕೆಂಪು ಉಲ್ಲನ್ ಹೃದಯದ ವಿಷಯ ಬಂದಾಗ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡುತ್ತದೆ. ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ವ್ಯಾಪ್ತಿ: ಕ್ರೋಶ ಕಡ್ಡಿಯಿಂದ ಹೆಣೆದ ಹೃದಯಾಕಾರದ ಓಲೆ, ತಲೆಯ ಕ್ಲಿಪ್ಪು, ಕೀಚೈನು, ಪುಸ್ತಕದ ನಡುವೆ ಇಡುವ ಗುರುತುಪಟ್ಟಿ ಮತ್ತು ಸೀರೆಯ ಕುಚ್ಚು. ಅಧ್ಯಯನದ ಮಿತಿ: ಫೆಬ್ರವರಿ 14ರಂದು ಇವುಗಳನ್ನು ಯಾರು ಯಾರಿಗೆ ಕೊಟ್ಟರು, ತೆಗೆದುಕೊಂಡವರು ಏನೆಂದರು ಎಂಬುದು ಇಲ್ಲಿಗೆ ಹೊರತು. ಆ ಬಗ್ಗೆ ಆಕರಗಳು ಸಹಕರಿಸಲಿಲ್ಲ.

ಮೊದಲಿಗೆ ವಸ್ತುನಿರ್ದೇಶ. ಹೃದಯವೆಂದರೆ ಯಾವುದು? ಇಲ್ಲಿ ಮೂರು ಪಕ್ಷಗಳಿವೆ. ವೈದ್ಯಪಕ್ಷದವರ ಹೃದಯ ಮುಷ್ಟಿಯಷ್ಟಿದ್ದು, ಸುಮಾರು 300 ಗ್ರಾಂ ತೂಗುತ್ತದೆ, ಎದೆಯೊಳಗೆ ಕೊಂಚ ಎಡಕ್ಕೆ ವಾಲಿರುತ್ತದೆ. ಅದನ್ನು ರಕ್ತನಾಳಗಳ ಸಮೇತ ಯಥಾವತ್ತಾಗಿ ಹೆಣೆದು ಕಿವಿಗೆ ತೂಗುಹಾಕಿಕೊಂಡರೆ ನೆಂಟರು ಮನೆಗೆ ಬರುವುದನ್ನು ನಿಲ್ಲಿಸುತ್ತಾರೆ. ಗಣಿತಪಕ್ಷದವರ ಬಳಿ ಕಾರ್ಡಿಯಾಯ್ಡ್ ಎಂಬ ವಕ್ರರೇಖೆಯಿದೆ. ಒಂದು ನಾಣ್ಯವನ್ನು ಅಲುಗದಂತೆ ಇಟ್ಟು, ಅಷ್ಟೇ ಅಳತೆಯ ಇನ್ನೊಂದನ್ನು ಅದರ ಅಂಚಿಗೆ ತಾಗಿಸಿ ಜಾರದಂತೆ ಸುತ್ತ ಉರುಳಿಸಿದರೆ, ಉರುಳುವ ನಾಣ್ಯದ ಅಂಚಿನ ಒಂದು ಚುಕ್ಕೆ ಸಾಗುವ ದಾರಿಯೇ ಅದು. 1741ರಲ್ಲಿ ಅದಕ್ಕೆ ಆ ಹೆಸರಿಟ್ಟವರು ಇಟಲಿ ಮೂಲದ ಗಣಿತಜ್ಞ ಕಾಸ್ಟಿಲಾನ್. ರೇಖೆಯ ನೆತ್ತಿಯಲ್ಲಿ ಹಳ್ಳವೇನೋ ಇದೆ, ಬುಡದಲ್ಲಿ ಮಾತ್ರ ಚೂಪಿಲ್ಲ, ದುಂಡಗೆ ಮುಗಿದುಬಿಡುತ್ತದೆ. ಉಲ್ಲನ್ ಅಂಗಡಿಯಲ್ಲಿ ತೋರಿಸಿದರೆ ಸೇಬಿನ ಬಣ್ಣದ ನೂಲು ಕೊಡುತ್ತಾರೆ. ಮೂರನೆಯದು ಅಶ್ವತ್ಥಪಕ್ಷ. ಅರಳಿ ಎಲೆಗೆ ಮೇಲೆ ಎರಡು ಭುಜ, ಕೆಳಗೆ ನೀಳವಾದ ತುದಿ. ಸಸ್ಯಶಾಸ್ತ್ರದ ಪುಸ್ತಕಗಳೇ ಅದನ್ನು ಹೃದಯಾಕಾರದ ಎಲೆ ಎನ್ನುವುದರಿಂದಲೂ, ಕಟ್ಟೆಯ ಮೇಲೆ ಕೂತು ಹೆಣೆಯುವವರ ಮಡಿಲಿಗೆ ಮಾದರಿ ತಾನಾಗಿ ಉದುರುವುದರಿಂದಲೂ ಅಧ್ಯಯನ ಈ ಪಕ್ಷಕ್ಕೆ ಬೆಂಬಲ ಸೂಚಿಸುತ್ತದೆ.

ಇನ್ನು ರಚನೆ. ಮಾದರಿಗಳು ಹಲವಿದ್ದರೂ, ಒಂದೇ ಸುತ್ತಿನಲ್ಲಿ ಮುಗಿಯುವ ಪುಟ್ಟ ಹೃದಯ ಕಡ್ಡಿ ಹಿಡಿದವರಿಗೆಲ್ಲ ಪರಿಚಿತ. ದಾರವನ್ನು ಬೆರಳಿಗೆ ಸುತ್ತಿ ಸಡಿಲವಾದ ಉಂಗುರ ಮಾಡಿಕೊಳ್ಳಬೇಕು; ಬಲ್ಲವರು ಅದನ್ನು ಮ್ಯಾಜಿಕ್ ರಿಂಗ್ ಅನ್ನುತ್ತಾರೆ. ಮೂರು ಚೈನು. ಆಮೇಲೆ ಆ ಉಂಗುರದೊಳಕ್ಕೇ, ಕಡ್ಡಿಗೆ ಎರಡು ಸಲ ದಾರ ಸುತ್ತಿಕೊಂಡು ಹಾಕುವ ಉದ್ದ ಕಂಬ ಮೂರು. ಒಂದೇ ಸಲ ಸುತ್ತಿಕೊಂಡು ಹಾಕುವ ಗಿಡ್ಡ ಕಂಬ ಮೂರು. ಒಂದು ಚೈನು, ಒಂದು ಉದ್ದ ಕಂಬ, ಮತ್ತೊಂದು ಚೈನು. ಇಲ್ಲಿಗೆ ಹೃದಯದ ಚೂಪು ತಯಾರು. ಅಲ್ಲಿಂದ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಕ್ಕೆ: ಗಿಡ್ಡವು ಮೂರು, ಉದ್ದವು ಮೂರು, ಮೂರು ಚೈನು, ಕೊನೆಗೆ ಉಂಗುರಕ್ಕೇ ಒಂದು ಲಾಕ್. ಈಗ ಕೈಯಲ್ಲಿರುವುದು ಹೃದಯವಲ್ಲ, ಯಾರೋ ಕಚ್ಚಿಬಿಟ್ಟ ಕೋಡುಬಳೆ. ಆರಂಭದಲ್ಲಿ ಬಿಟ್ಟಿದ್ದ ದಾರದ ಬಾಲವನ್ನು ಮೆಲ್ಲಗೆ ಜಗ್ಗಿದಾಗ ಉಂಗುರ ಮುಚ್ಚಿಕೊಳ್ಳುತ್ತದೆ, ಎರಡೂ ಭುಜ ಎದ್ದು ನಿಲ್ಲುತ್ತವೆ, ನಡುವೆ ಹಳ್ಳ ಬೀಳುತ್ತದೆ.

ಒಟ್ಟು ಕಂಬಗಳು 13. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ವಾಸ್ತುವಿನ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಹದಿಮೂರು ಕಂಬದ ಈ ಕಟ್ಟಡದ ಎದುರು ಒಂದು ನೀಲಿ ಫಲಕವೂ ಇಲ್ಲ. ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಅಲ್ಲಿನವರು ಹೆಮ್ಮೆಯಿಂದ ತೋರಿಸುತ್ತಾರೆ. ಹೊಸದಾಗಿ ಕಲಿಯುವವರ ಹೃದಯದಲ್ಲೂ ಸಂಗತಿ ಅದೇ, ಹೆಮ್ಮೆ ಮಾತ್ರ ಕಾಣುವುದಿಲ್ಲ.

ಕಂಬಗಳ ವಿಷಯದಲ್ಲಿ ಒಂದು ಘೋರ ಮತಭೇದವಿದೆ. ಅಮೆರಿಕದ ಪುಸ್ತಕಗಳು ಸಿಂಗಲ್ ಎನ್ನುವುದನ್ನೇ ಬ್ರಿಟನ್ನಿನ ಪುಸ್ತಕಗಳು ಡಬಲ್ ಎನ್ನುತ್ತವೆ; ಅವರ ಡಬಲ್ ಇವರಿಗೆ ಟ್ರೆಬಲ್. ವಸ್ತು ಒಂದೇ, ಒಬ್ಬರ ಕಣ್ಣಿಗೆ ಒಂದು, ಇನ್ನೊಬ್ಬರ ಕಣ್ಣಿಗೆ ಎರಡು. ಶೃಂಗೇರಿಗೂ ಉಡುಪಿಗೂ ಒಂದೇ ಪ್ರವಾಸದಲ್ಲಿ ಹೋಗಿಬರುವ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಆದರೆ ಇಲ್ಲಿ ಪಕ್ಷ ತಪ್ಪಿದವರಿಗೆ ಕೂಡಲೇ ಶಿಕ್ಷೆ ಉಂಟು. ಅಮೆರಿಕದ ಮಾದರಿಯನ್ನು ಬ್ರಿಟಿಷ್ ಕಣ್ಣಿನಿಂದ ಓದಿದವರ ಹೃದಯ ಕುಗ್ಗುತ್ತದೆ; ತಿರುವುಮುರುವಾದರೆ ಕಿವಿಯೋಲೆ ಆಗಬೇಕಾದದ್ದು ಕಾಫಿ ಲೋಟದ ಅಡಿಗಿಡುವ ಹಾಸಾಗುತ್ತದೆ.

ಪೂರ್ವಸೂರಿಗಳ ಸಮೀಕ್ಷೆ ಇಲ್ಲದೆ ಯಾವ ಪ್ರಬಂಧಕ್ಕೂ ಮಾರ್ಗದರ್ಶಕರು ಸಹಿ ಹಾಕುವುದಿಲ್ಲವಾದ್ದರಿಂದ, ಅದನ್ನೂ ಮುಗಿಸಬೇಕು. ವಿಕ್ಟೋರಿಯಾ ರಾಣಿ ಎಂಬತ್ತರ ಪ್ರಾಯದಲ್ಲಿ, 1900ರಲ್ಲಿ, ಬೋಯರ್ ಯುದ್ಧದ ಸೈನಿಕರಿಗಾಗಿ ಖಾಕಿ ಉಲ್ಲನ್ನಿನ ಸ್ಕಾರ್ಫುಗಳನ್ನು ಸ್ವತಃ ಕ್ರೋಶ ಹಾಕಿದಳು. ಎಂಟು. ಬಾಕಿ ಸೈನ್ಯದ ಕತ್ತಿನ ಬಗ್ಗೆ ಅರಮನೆ ಮೌನ ವಹಿಸಿತು.

ನಿಜವಾದ ಪಾಂಡಿತ್ಯ ಬಂದದ್ದು ಲಾಟ್ವಿಯಾ ಮೂಲದ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ ಅವರಿಂದ. ಯೂಕ್ಲಿಡನ ಲೆಕ್ಕಕ್ಕೆ ಬಗ್ಗದ ಹೈಪರ್ಬೋಲಿಕ್ ಸಮತಲವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ತೋರಿಸುವುದು ಕಷ್ಟವಾಗಿತ್ತು. ಕಾಗದ ಅಂಟಿಸಿ ಮಾಡಿದ ಮಾದರಿಗಳು ಹರಿದುಹೋಗುತ್ತಿದ್ದವು. 1997ರಲ್ಲಿ ಟೈಮಿನಾ ಕ್ರೋಶ ಕಡ್ಡಿ ಎತ್ತಿಕೊಂಡರು. ಇಷ್ಟು ಕಂಬಕ್ಕೊಮ್ಮೆ ಒಂದು ಹೆಚ್ಚಿಗೆ ಹಾಕಬೇಕು ಎಂಬ ಒಂದೇ ನಿಯಮ ಹಿಡಿದು ಹೆಣೆಯುತ್ತ ಹೋದರು. ನೆರಿಗೆ ನೆರಿಗೆಯಾಗಿ ಮುದುಡಿಕೊಂಡು ಕೈಯಲ್ಲಿ ಉಳಿದದ್ದೇ ಆ ಸಮತಲ. ಮೇಜಿನ ಹಾಸು ಹಾಕಲು ಹೋಗಿ, ಲೆಕ್ಕ ತಪ್ಪಿ ಹೆಚ್ಚು ಕಂಬ ಹಾಕಿ, ಅದು ಅಲೆಅಲೆಯಾಗಿ ಎದ್ದು ನಿಂತಾಗ ಬೈದುಕೊಂಡ ಎಲ್ಲ ಗೃಹಿಣಿಯರೂ ಇದೇ ಆವಿಷ್ಕಾರ ಮಾಡಿದ್ದರು. ಅವರು ಅದನ್ನು ಬಿಚ್ಚಿಹಾಕಿದರು, ಟೈಮಿನಾ ಪ್ರಕಟಿಸಿದರು. ಅವರ ಪುಸ್ತಕಕ್ಕೆ ಮೊದಲು ದೊರೆತದ್ದು ವರ್ಷದ ಅತಿ ವಿಚಿತ್ರ ಶೀರ್ಷಿಕೆಗೆ ಕೊಡುವ 2009ರ ಡಯಾಗ್ರಮ್ ಪ್ರಶಸ್ತಿ. ಗಣಿತದ ಆಯ್ಲರ್ ಪುಸ್ತಕ ಪ್ರಶಸ್ತಿ ಬಂದದ್ದು 2012ರಲ್ಲಿ. ವಿದ್ವತ್ತಿನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಈ ಅನುಕ್ರಮವೇ ಸಾಕ್ಷಿ.

ಯಂತ್ರಗಳ ಮಾತೂ ಒಂದಿಷ್ಟು ಬರಬೇಕು. ಸ್ವೆಟರ್ ಹೆಣೆಯುವವರ ಕಡ್ಡಿಯ ಮೇಲೆ ಸಾಲುಗಟ್ಟಲೆ ಕುಣಿಕೆಗಳು ಒಟ್ಟಿಗೆ ಜೀವ ಹಿಡಿದು ಕೂತಿರುತ್ತವೆ. ಕ್ರೋಶದಲ್ಲಿ ಒಂದು ಕಂಬ ಮುಗಿದಾಗ ಬದುಕಿ ಉಳಿಯುವ ಕುಣಿಕೆ ಸಾಮಾನ್ಯವಾಗಿ ಒಂದೇ. ಮೊದಲನೆಯದರ ಕೆಲಸವನ್ನು ಮಾಡುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ತಯಾರಿಸಿದ. ಎರಡನೆಯದಕ್ಕೆ ಇಂದಿಗೂ ಕೈಯೇ ಗತಿ. ಕ್ರೋಶ ಎಂದು ಮೀಟರ್ ಲೆಕ್ಕದಲ್ಲಿ ಸಿಗುವ ಕಾರ್ಖಾನೆ ಲೇಸು ಹೆಚ್ಚಾಗಿ ಬೇರೆ ಹೆಣಿಗೆಯ ವೇಷಧಾರಿ.

ಈಗ ಪ್ರಬಂಧದ ಎರಡನೆಯ, ಹೆಚ್ಚು ವಿವಾದಾಸ್ಪದವಾದ ಭಾಗ: ನೂಲು. ಉಂಡೆಗೆ ಸುತ್ತಿದ ಚೀಟಿಯನ್ನು ಶಬ್ದಪ್ರಮಾಣವೆಂದು ಒಪ್ಪಬಹುದು. ಆದರೆ ನಮ್ಮ ಅಂಗಡಿಗಳಲ್ಲಿ ಬಣ್ಣಬಣ್ಣದ್ದಕ್ಕೆಲ್ಲ ಉಲ್ಲನ್ ಎಂದೇ ಹೆಸರು. ಅದರಲ್ಲಿ ಕುರಿಯ ಪಾಲು ಎಷ್ಟೋ ಸಲ ಸೊನ್ನೆ. ಒಳಗಿರುವುದು ಪೆಟ್ರೋಲಿಯಂ ಮೂಲದ ಅಕ್ರಿಲಿಕ್. 1950ರ ಸುಮಾರಿಗೆ ಅಮೆರಿಕದಲ್ಲಿ ಆರ್ಲಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಎಳೆಯ ವಂಶಸ್ಥ. ಸಂಶಯ ಬಂದವರು ಪ್ರತ್ಯಕ್ಷಪ್ರಮಾಣಕ್ಕೆ ಹೋಗುತ್ತಾರೆ, ಅಂದರೆ ಬೆಂಕಿಕಡ್ಡಿ ಗೀರುತ್ತಾರೆ. ಒಂದು ತುಂಡು ಸುಟ್ಟಾಗ ಕೂದಲು ಸೀದ ವಾಸನೆ ಬಂದರೆ ಉಣ್ಣೆ. ಕಾಗದ ಸುಟ್ಟಂತಿದ್ದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಂಗಡಿಯೊಳಗೇ ಈ ಪ್ರಯೋಗ ಮಾಡುವುದನ್ನು ಅಧ್ಯಯನ ಶಿಫಾರಸು ಮಾಡುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ಇವೆರಡಕ್ಕೂ ಮೇಲಿನ ಪ್ರಮಾಣವೊಂದು ಪತ್ತೆಯಾಯಿತು. ಮೊಮ್ಮಗುವಿನ ಟೋಪಿಗೆ ಹೃದಯದ ಬಿಲ್ಲೆ ಹಾಕಬೇಕೆಂದು ಬಂದಿದ್ದ ಅಜ್ಜಿಯೊಬ್ಬರು ಉಂಡೆಯನ್ನು ಕಿವಿಯ ಹಿಂದಿನಿಂದ ಕತ್ತಿನವರೆಗೆ ಉಜ್ಜಿಕೊಂಡು ನೋಡುತ್ತಿದ್ದರು.

“ಬೇಬಿ ಸಾಫ್ಟ್ ಅಮ್ಮಾ, ಒಂಚೂರೂ ಚುಚ್ಚಲ್ಲ,” ಎಂದ ಅಂಗಡಿಯವನು.

“ನೀನು ಹೇಳ್ತೀಯಪ್ಪ. ನನ್ನ ಕತ್ತು ಬೇರೆ ಹೇಳ್ತಿದೆಯಲ್ಲ,” ಎಂದು ಅದನ್ನು ಬದಿಗಿಟ್ಟು, ಇನ್ನೊಂದನ್ನು ಉಜ್ಜಿಕೊಂಡು, “ಇದು ಆಗಬಹುದು. ಎರಡು ಉಂಡೆ ಕೊಡು. ಲಾಟ್ ನಂಬರ್ ಒಂದೇನಾ ನೋಡು ಮತ್ತೆ.”

ಈ ನಾಲ್ಕು ಮಾತಿನಲ್ಲಿ ಎರಡು ಶಾಸ್ತ್ರಗಳಿವೆ. ಎಳೆ ದಪ್ಪಗಿದ್ದಷ್ಟೂ ಅದರ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ, ಚುಚ್ಚುವುದು ಅದೇ. ಮೆರಿನೊ ಕುರಿಯ ಎಳೆ ಸಣ್ಣ, ಆದ್ದರಿಂದ ಕೊರಳಿಗೆ ಹಿತ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ಅದು ಚಳ್ಳಕೆರೆ ಕಡೆಯ ಮಗ್ಗಗಳಲ್ಲಿ ಕಂಬಳಿಯಾಗಿ, ಹುಣಸೆಬೀಜದ ಗಂಜಿ ಕುಡಿದು ಬಿಗಿಯಾಗಿ, ಕುರಿ ಕಾಯುವವರ ಹೆಗಲಿಗೇರುವುದಕ್ಕೆ ಹುಟ್ಟಿದ್ದು. ಅದರಿಂದ ಕಿವಿಯೋಲೆ ಮಾಡಹೊರಟವರು ಕಿವಿಯ ಅಭಿಪ್ರಾಯವನ್ನೂ ಕೇಳಬೇಕು. ಇನ್ನು ಲಾಟ್ ನಂಬರ್: ಒಂದೇ ಬಣ್ಣವನ್ನು ಬೇರೆ ಬೇರೆ ದಿನ ಬೇರೆ ಬೇರೆ ಹಂಡೆಯಲ್ಲಿ ಅದ್ದಿದಾಗ ಸೂಕ್ಷ್ಮ ವ್ಯತ್ಯಾಸ ಉಳಿಯುತ್ತದೆ. ಅದು ಟ್ಯೂಬ್‌ಲೈಟಿನಡಿ ಕಾಣದು. ಅರ್ಧ ಹೆಣೆದು ಹಿತ್ತಲಿಗೆ ಬಂದಾಗ ಕಾಣುತ್ತದೆ.

ಋತುಗಳು ಆರು ಎಂಬುದು ಪಂಚಾಂಗದ ಮತ. ಉಲ್ಲನ್ ಅಂಗಡಿಯ ಮತದಲ್ಲಿ ಎರಡೇ: ಸೀಸನ್ ಮತ್ತು ಆಫ್ ಸೀಸನ್. ಎರಡನ್ನೂ ಸಮನ್ವಯಗೊಳಿಸಿದರೆ ಹೀಗೆ ಹೇಳಬಹುದು. ಗ್ರೀಷ್ಮದಲ್ಲಿ ಹತ್ತಿ, ಅದರಲ್ಲೂ ಮರ್ಸರೈಸ್ಡ್ ಹತ್ತಿ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿದಾಗ ಎಳೆ ಉಬ್ಬಿ ಗಟ್ಟಿಯಾಯಿತು, ಬಣ್ಣವನ್ನು ಚೆನ್ನಾಗಿ ಹೀರಿತು. ಎಳೆಯನ್ನು ಬಿಗಿಯಾಗಿ ಎಳೆದು ಹಿಡಿದು ಹೀಗೆ ಮಾಡಿದರೆ ರೇಷ್ಮೆಯ ಹೊಳಪು ಬರುತ್ತದೆಂದು ಆಮೇಲಿನವರು ಕಂಡುಕೊಂಡರು. ಈ ತೆಳು ದಾರದ ಓಲೆಗೆ ಬೆವರಿನ ಭಯವಿಲ್ಲ. ತುದಿ ಜೋತುಬೀಳದಂತೆ ಅನ್ನದ ಗಂಜಿಯಲ್ಲಿ ಅದ್ದಿ, ಹಲಗೆಯ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಿದರೆ ಸಾಕು. ವರ್ಷಋತುವಿನಲ್ಲಿ ಹತ್ತಿಯನ್ನು ನಂಬಬಾರದು. ಆಗುಂಬೆಯಲ್ಲಿ ಜುಲೈಯಲ್ಲಿ ಒಗೆದ ಹತ್ತಿಯ ಹೃದಯ ಒಲೆಯ ಮೇಲಿನ ಹಗ್ಗ ಬಿಟ್ಟು ಇಳಿಯುವುದಿಲ್ಲ. ಆಗ ಅಕ್ರಿಲಿಕ್ಕೇ ಆಪದ್ಬಾಂಧವ, ನೀರು ಹಿಂಡಿದರೆ ಬೇಗ ಒಣಗುತ್ತದೆ. ಆದರೆ ಆತುರಪಟ್ಟು ಇಸ್ತ್ರಿ ಪೆಟ್ಟಿಗೆ ಇಟ್ಟವರ ಹೃದಯ ಸೋತು ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ. ಹೇಮಂತ ಶಿಶಿರಗಳಿಗೆ ಉಣ್ಣೆಯೇ ಸರಿ. ತನ್ನ ತೂಕದ ಸುಮಾರು ಶೇ 30ರಷ್ಟು ತೇವವನ್ನು ಒಳಗಿಟ್ಟುಕೊಂಡೂ ಒದ್ದೆಯೆನಿಸದ ಗುಣ ಅದಕ್ಕಿದೆ. ಬೆಂಗಳೂರಿನವರ ಚಳಿಯ ಬಗ್ಗೆ ಅಧ್ಯಯನಕ್ಕೆ ಸ್ವಲ್ಪ ಅನುಮಾನವಿದೆ. ಆ ಊರಿನ ದಾಖಲಾದ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಮಂಕಿ ಕ್ಯಾಪುಗಳು ಮಾತ್ರ ಪ್ರತಿವರ್ಷ ಹದಿನೈದು ಡಿಗ್ರಿಗೇ ಹೊರಬರುತ್ತವೆ.

ಪಂಚಾಂಗದಲ್ಲಿಲ್ಲದ ಏಳನೆಯ ಋತುವೊಂದು ಕರ್ನಾಟಕದಲ್ಲಿದೆ: ಮದುವೆ ಸೀಸನ್. ಇಲ್ಲಿನ ಕ್ರೋಶ ಕಡ್ಡಿ ಹೆಚ್ಚು ದುಡಿಯುವುದು ಟೋಪಿಗಲ್ಲ, ಸೀರೆ ಕುಚ್ಚಿಗೆ. ಸೆರಗನ್ನು ಮೊಣಕಾಲಿನ ಮೇಲೆ ಹರಡಿ, ಸಣ್ಣ ಕಡ್ಡಿಯಿಂದ ಅಂಚಿಗೆ ಚೈನು ಹಾಕಿ, ನಡುನಡುವೆ ಮಣಿ ಕೂರಿಸಿ, ಜರಿಗೆ ಹೊಂದುವ ರೇಷ್ಮೆದಾರದಲ್ಲಿ ಕಂಬಗಳನ್ನು ಬೀಸಣಿಗೆಯಾಗಿ ಬಿಡಿಸುತ್ತಾರೆ. ಬೀಸಣಿಗೆಯ ನಡುವೆ ಒಂದು ಕಂಬ ಉದ್ದವಾದರೆ ಅದೇ ಹೃದಯ. ಹೀಗಾಗಿ ಇಲ್ಲಿ ನೂಲು ಆರಿಸುವುದು ಹವಾಮಾನವಲ್ಲ, ಬ್ಲೌಸ್ ಪೀಸು. ಆಷಾಢದಲ್ಲಿ ಕಡ್ಡಿಗೆ ಬಿಡುವು. ಶ್ರಾವಣ ಹುಟ್ಟಿತೋ, “ನಾಳೆ ಸಂಜೆಗೇ ಬೇಕಿತ್ತಲ್ಲ” ಎನ್ನುವ ಫೋನುಗಳು ಶುರು.

ಕೊನೆಯದಾಗಿ ಅರ್ಥಶಾಸ್ತ್ರ. ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶ ಲೇಸು ವಿದೇಶಗಳಿಗೆ ಹೋಗುವ ದೊಡ್ಡ ಉದ್ಯಮವಾಗಿ ಬೆಳೆಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಲ್ಲಿನ ವಿಚಿತ್ರವೊಂದನ್ನು ತೋರಿಸಿದರು: ಲೇಸು ಹೆಣೆಯುವ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುತ್ತಾರೆ, ಅಷ್ಟೆ. ಬಿಡುವೆಂದ ಮೇಲೆ ಕೂಲಿಯೂ ಬಿಡುವಾಗಿಯೇ ಇತ್ತು.

ಈ ಸಿದ್ಧಾಂತ ನರಸಾಪುರಕ್ಕೆ ಸೀಮಿತವೇ ಎಂದು ಪರಿಶೀಲಿಸಲು ಪ್ರಬಂಧಕಾರರು ಕುಚ್ಚು ಹಾಕುವವರೊಬ್ಬರ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ಸೀರೆ ತೆಗೆದುಕೊಂಡು ಹೋಗಲು ಬಂದ ಗಿರಾಕಿ ಸೆರಗು ಬಿಡಿಸಿ, ಹೃದಯಗಳ ಮೇಲೆ ಬೆರಳಾಡಿಸಿ, ತುಂಬ ಚೆನ್ನಾಗಿದೆ ಎಂದು ಮೂರು ಸಲ ಹೇಳಿ, ಪರ್ಸಿನ ಜಿಪ್ಪು ಅರ್ಧಕ್ಕೆ ನಿಲ್ಲಿಸಿದರು.

“ಮನೇಲೇ ಕೂತು ಮಾಡೋದಲ್ವಾ ಅಕ್ಕಾ, ಸ್ವಲ್ಪ ಕಡಿಮೆ ಮಾಡ್ಕೊಳಿ.”

“ನಿಮ್ಮನೇಲೂ ಕೂರೋಕೆ ಜಾಗ ಇರುತ್ತಲ್ಲ. ತಗೊಳಿ ಕಡ್ಡಿ, ದಾರ ನಾನೇ ಕೊಡ್ತೀನಿ.”

ಈ ಉತ್ತರವನ್ನು ಯಾವ ಪ್ರಮಾಣದ ಅಡಿ ಸೇರಿಸಬೇಕೆಂಬ ಬಗ್ಗೆ ಪಂಡಿತರಲ್ಲಿ ಒಮ್ಮತ ಮೂಡಿಲ್ಲ. ಗಿರಾಕಿ ಮಾತ್ರ ಪೂರ್ತಿ ಹಣ ಕೊಟ್ಟು ಹೋದರು.