ಗಾಡಿ ಎಳೆಯುವ ಗಾಡಿಯ ಲಕ್ಷಣ: ಬಹ್ರೈನ್ ಪ್ರಕರಣ

ಚಳಿಗಾಲದಲ್ಲಿ ಸಖೀರ್ ಮರಳುಗಾಡಿಗೆ ಪುಟ್ಟ ಕಾರವಾನನ್ನು ಎಳೆದೊಯ್ಯಬಲ್ಲ ಸೆಕೆಂಡ್ ಹ್ಯಾಂಡ್ ಪಿಕಪ್ಪನ್ನು ಆರಿಸುವುದೇ ಈ ಶಾಸ್ತ್ರದ ವಿಷಯ. ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಬೇಕು. ವಿಷಯ ಹೇಳಿಯಾಯಿತು. ಪ್ರಯೋಜನವೆಂದರೆ ಶುಕ್ರವಾರ, ಶನಿವಾರಗಳಲ್ಲಿ ಬಾಡಿಗೆ ಫ್ಲಾಟಿನಿಂದ ಬಿಡುಗಡೆ. ಅಧಿಕಾರಿಯು ಲೈಸೆನ್ಸ್, ಉಳಿತಾಯ, ಹೆಂಡತಿಯ ಒಪ್ಪಿಗೆ ಎಂಬ ಸಾಧನತ್ರಯವುಳ್ಳ ಗೃಹಸ್ಥ. ಸಂಬಂಧವೆಂದರೆ ಪಿಕಪ್ಪಿನ ಟೋ ಬಾಲ್ ಕಾರವಾನಿನ ಕಪ್ಲರಿನೊಳಗೆ ಸರಿಯಾಗಿ ಕೂರುವುದು. ಇದರಲ್ಲೂ ಸೂಕ್ಷ್ಮವಿದೆ: ಒಂದು ಸಂಪ್ರದಾಯದ ಬಾಲ್ 50 ಮಿ.ಮೀ., ಅಮೆರಿಕನ್ ಸಂಪ್ರದಾಯದ್ದು 2 ಇಂಚು, ಅಂದರೆ 50.8 ಮಿ.ಮೀ. ಈ 0.8 ಮಿ.ಮೀ. ಭೇದವನ್ನು ಅಲಕ್ಷಿಸುವ ಅದ್ವೈತಿಗಳು ರಸ್ತೆಯ ಮೇಲೆ ಅಪಾಯಕಾರಿಗಳು.

ಮೊದಲು ದೇಶವಿಚಾರ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಲಾರಿಗಳು ಏದುಸಿರು ಬಿಡುವುದನ್ನು ನೋಡಿ ಬೆಳೆದ ಕರಾವಳಿಯ ಕನ್ನಡಿಗನು ಯಾವ ಗಾಡಿಯನ್ನು ಕಂಡರೂ ಕೇಳುವ ಮೊದಲ ಪ್ರಶ್ನೆ, “ಪುಲ್ಲಿಂಗ್ ಉಂಟಾ?” ಬಹ್ರೈನಿನಲ್ಲಿ ಈ ಪ್ರಶ್ನೆಗೆ ವಿಷಯವೇ ಇಲ್ಲ. ಅಲ್ಲಿನ ಅತ್ಯುನ್ನತ ಶಿಖರವಾದ ಜೆಬೆಲ್ ದುಖಾನ್ ಸಮುದ್ರಮಟ್ಟದಿಂದ 134 ಮೀಟರ್; ಉಳಿದ ಘಾಟಿಗಳನ್ನೆಲ್ಲ ಸರ್ಕಾರವೇ ಫ್ಲೈಓವರ್ ರೂಪದಲ್ಲಿ ಕಟ್ಟಿಸಿದೆ. ಈ ದ್ವೀಪದಲ್ಲಿ ಗಾಡಿಗೆ ಇರುವ ಶತ್ರುಗಳು ನಾಲ್ವರು: ಬಿಸಿಲು, ಉಪ್ಪು, ಮರಳು, ವಾಯವ್ಯದಿಂದ ಬೀಸುವ ಶಮಾಲ್ ಗಾಳಿ. ಆದ್ದರಿಂದ ಏರುವ ಶಕ್ತಿಗಿಂತ ತಣ್ಣಗಿರುವ ಶಕ್ತಿ, ಎಳೆಯುವ ಶಕ್ತಿಗಿಂತ ನಿಲ್ಲುವ ಶಕ್ತಿ ಶ್ರೇಷ್ಠ.

ಇನ್ನು ಮತಭೇದ. 1968ರಲ್ಲಿ ಪ್ರವರ್ತಿತವಾದ ಹೈಲಕ್ಸ್ ಮತದವರು, ಬಿಡಿಭಾಗ ಎಲ್ಲೆಡೆ ಸಿಗುವುದೇ ಮೋಕ್ಷವೆನ್ನುತ್ತಾರೆ. 1948ರಿಂದ ನಡೆದುಬಂದಿರುವ ಫೋರ್ಡ್ ಎಫ್ ಪರಂಪರೆಯವರು, ಉದ್ದನೆಯ ವೀಲ್‌ಬೇಸೂ ಎಂಟು ಸಿಲಿಂಡರೂ ಇಲ್ಲದೆ ಸದ್ಗತಿಯಿಲ್ಲವೆನ್ನುತ್ತಾರೆ. ಹಳೆ ಮನಾಮಾದ ಗಲ್ಲಿಯಲ್ಲಿ ಪಾರ್ಕಿಂಗ್ ಹುಡುಕುವಾಗ ಮಾತ್ರ ಮೌನ ತಾಳುತ್ತಾರೆ. ಮಧ್ಯಸ್ಥರ ನಿರ್ಣಯ: ಹೆಸರನ್ನು ನೋಡಬಾರದು, ಬಾಗಿಲ ಚೌಕಟ್ಟಿನ ಸ್ಟಿಕ್ಕರನ್ನೂ ಕೈಪಿಡಿಯನ್ನೂ ನೋಡಬೇಕು. ಒಂದೇ ಹೆಸರಿನ ಗಾಡಿಯಲ್ಲೂ ಎಂಜಿನ್, ಗೇರ್, ಆಕ್ಸಲ್ ಬದಲಾದಂತೆ ಎಳೆಯುವ ಮಿತಿ ಬದಲಾಗುತ್ತದೆ.

ಭಾರವಿಚಾರದಲ್ಲಿ ಪಂಡಿತರೂ ಜಾರುತ್ತಾರೆ. 1,200 ಕಿಲೋ ಕಾರವಾನಿಗೆ 300 ಕಿಲೋ ಸಾಮಾನು ತುಂಬಿದರೆ ಒಟ್ಟು 1,500 ಕಿಲೋ. ಅದರ ಶೇಕಡಾ 10ರಿಂದ 15, ಅಂದರೆ 150ರಿಂದ 225 ಕಿಲೋ ಭಾರ ಟೋ ಬಾಲಿನ ಮೇಲೆ ಕೂರಬೇಕು. ಪಿಕಪ್ ಹೊರಬಲ್ಲದ್ದು 700 ಕಿಲೋ ಎಂದಿಟ್ಟುಕೊಂಡರೆ, ತಲಾ 70 ಕಿಲೋದ ಐವರು 350 ಕಿಲೋ ತಿಂದರು. ಬಾಲಿನ ಮೇಲೆ 200 ಹೋಯಿತು. ಉಳಿದ 150ರಲ್ಲಿ ಜನರೇಟರ್, ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ಕೋಳಿಸುಕ್ಕದ ಪಾತ್ರೆ, ನೀರುದೋಸೆಯ ಕಾವಲಿ ಎಲ್ಲವೂ ಅಡಗಬೇಕು. ಕಾವಲಿಯನ್ನು ಕೈಬಿಡಬಹುದೇ ಎಂಬ ಪ್ರಶ್ನೆಯನ್ನು ಶಿಷ್ಟರು ಎತ್ತುವುದಿಲ್ಲ. ಬಾಲಿನ ಭಾರ ತಗ್ಗಿಸಲು ಸಾಮಾನನ್ನು ಕಾರವಾನಿನ ಹಿಂಭಾಗಕ್ಕೆ ತಳ್ಳುವುದು ಮಹಾಪಾತಕ: ಹೈವೇಯಲ್ಲಿ ಶಮಾಲ್ ಬಡಿದೊಡನೆ ಕಾರವಾನು ಎಡಬಲಕ್ಕೆ ತೂಗಾಡಿ ಪಿಕಪ್ಪನ್ನೂ ತೂಗಾಡಿಸುತ್ತದೆ. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ 1.78 ಪಟ್ಟಾಗುತ್ತದೆ. ಆದ್ದರಿಂದ ಕಾರವಾನಿಗೆ ಅದರದೇ ಬ್ರೇಕು ಇರಬೇಕು. ಅದು ಪಿಕಪ್ಪಿನ ಬ್ರೇಕಿನೊಂದಿಗೆ ಹೊಂದಿ ನಡೆಯಬೇಕು.

ಪ್ರಮಾಣಗಳು ಮೂರು. ಶಬ್ದಪ್ರಮಾಣವೆಂದರೆ “ಒಬ್ಬನೇ ಓನರ್, ಆಕ್ಸಿಡೆಂಟ್ ಇಲ್ಲ, ಫ್ಯಾಮಿಲಿ ಯೂಸ್” ಎಂಬ ಮಹಾವಾಕ್ಯ. ಮಾರುವವನು ಆಪ್ತನಲ್ಲವಾದ್ದರಿಂದ ಇದು ತಿರಸ್ಕೃತ. ಪ್ರತ್ಯಕ್ಷಕ್ಕಾಗಿ ಗಾಡಿಯನ್ನು ಸಲ್ಮಾಬಾದಿನ ಯಾವುದಾದರೂ ಗ್ಯಾರೇಜಿನಲ್ಲಿ ಲಿಫ್ಟಿಗೆ ಏರಿಸಬೇಕು. ಸಮುದ್ರದ ಉಪ್ಪು ಚಾಸಿಯನ್ನು, ಲೀಫ್ ಸ್ಪ್ರಿಂಗಿನ ಕೊಂಡಿಗಳನ್ನು, ಬ್ರೇಕ್ ಪೈಪನ್ನು ತಿಂದಿದೆಯೇ ಎಂದು ನೋಡಬೇಕು. ಚಾಸಿಯ ಮೇಲೆ ಹೊಸ ಕಪ್ಪು ಬಣ್ಣವಿದ್ದರೆ ಎರಡು ಸಲ ನೋಡಬೇಕು. ಮೀಟರು 60,000 ಎಂದು ತೋರಿಸಿ ಪೆಡಲಿನ ರಬ್ಬರು ಬೋಳಾಗಿದ್ದರೆ ರಬ್ಬರಿನ ಸಾಕ್ಷ್ಯವೇ ಗ್ರಾಹ್ಯ. ಟೈರಿನ ಮೇಲೆ ಅಚ್ಚಾದ 3519 ಎಂದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಎಷ್ಟೇ ಆಳವಿರಲಿ, ಕೊಲ್ಲಿಯ ಬಿಸಿಲಿಗೆ ಅದು ವೃದ್ಧ. ಆಟೊಮ್ಯಾಟಿಕ್ ಆದರೆ ಗೇರ್ ಆಯಿಲನ್ನು ಮೂಸಬೇಕು: ಕೆಂಪಗಿದ್ದರೆ ಶುಭ, ಕಂದಾಗಿ ಸುಟ್ಟ ವಾಸನೆ ಬಂದರೆ ಹಿಂದಿನ ಮಾಲೀಕನೂ ಕಾರವಾನು ಎಳೆದಿರಬಹುದು.

ಮೂರನೆಯದು ಅನುಮಾನ. ಹೊಗೆ ಕಂಡಲ್ಲಿ ಬೆಂಕಿಯೆಂದು ಹೇಳಿ ಮುಗಿಸಿದ ಪ್ರಾಚೀನ ತಾರ್ಕಿಕರು ಹೊಗೆಯ ಬಣ್ಣ ವಿಚಾರಿಸಲಿಲ್ಲ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಸವೆದಿದೆ. ಎಂಜಿನ್ ಬಿಸಿಯಾದರೂ ನಿಲ್ಲದ ಬಿಳಿಯಾದರೆ ಕೂಲೆಂಟ್ ಒಳಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಕಪ್ಪಾದರೆ ಪೆಟ್ರೋಲು ಅತಿಯಾಗಿದೆ. ಹೊಗೆಯೇ ಇಲ್ಲದಿದ್ದರೆ ಗಾಡಿ ನಿರ್ದೋಷವೆನ್ನುವುದು ಹೇತ್ವಾಭಾಸ, ಏಕೆಂದರೆ ಗಿರಾಕಿ ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿರಬಹುದು. ಬಾನೆಟ್ಟನ್ನು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಮರುದಿನ ಬೆಳಿಗ್ಗೆ ತಿಳಿಸದೆ ಹೋಗುವುದು ಪರಿಹಾರ.

ಕೊನೆಗೆ ಸಿದ್ಧಾಂತ. ಚಳಿಗಾಲದ ಕ್ಯಾಂಪಿಂಗ್ ಸೀಸನ್ ಆರಂಭದಲ್ಲಿ ಸಖೀರಿಗೆ ಹೋದ ಕಾರವಾನು ಅಲ್ಲೇ ಬೇರೂರಿ ಸೀಸನ್ ಮುಗಿದಾಗ ಹಿಂತಿರುಗುತ್ತದೆ. ವರ್ಷಕ್ಕೆ ಎರಡೇ ಪ್ರಯಾಣ. ಅವೆರಡಕ್ಕಾಗಿ ವರ್ಷವಿಡೀ ಇನ್ಶೂರೆನ್ಸ್, ಪಾಸಿಂಗ್, ಟೈರು, ಬ್ಯಾಟರಿ ಎಂದು ದಿನಾರ್ ಸುರಿಯುವುದು ಕರ್ಮಯೋಗವೇ ಹೊರತು ವ್ಯವಹಾರವಲ್ಲ. ದಿನನಿತ್ಯದ ಕೆಲಸಕ್ಕೂ ಪಿಕಪ್ ಬೇಕಾದವನು ಮೇಲಿನ ಲಕ್ಷಣಗಳನ್ನು ನೋಡಿ ಕೊಳ್ಳಲಿ. ಉಳಿದವರು ಆ ಎರಡು ದಿನ ಡ್ರೈವರ್ ಸಮೇತ ಒಂದು ಪಿಕಪ್ಪನ್ನು ಬಾಡಿಗೆಗೆ ಕರೆಯುವುದೇ ಶಾಸ್ತ್ರಸಮ್ಮತ.